ಮೂರನೇ ಕಿಟಕಿಯ ನೇರಕ್ಕೆ ಸೋರಿದ ಗೆರೆ

ಆಗ ನನಗೆ ಮೂವತ್ತೆಂಟು. ನಲವತ್ತು ವರ್ಷ ದಾಟಿದ ಮಾತು, ಎಂಬತ್ತಮೂರನೇ ಇಸವಿ ಇರಬೇಕು. ಹೊನ್ನಾಳಿಯಲ್ಲಿ ಕಾಂಕ್ರೀಟ್ ಹೊರುವ ಹನ್ನೊಂದು ಹೆಂಗಸರ ಗುಂಪಿಗೆ ನಾನು ಮುಖ್ಯಸ್ಥೆ. ಓದಿದ್ದು ಎರಡನೇ ಕ್ಲಾಸು. ಹಾಜರಿ ಬರೆಯಲು ಅಷ್ಟು ಸಾಕಿತ್ತು.

ನ್ಯಾಮತಿ ಕಡೆಯ ಒಂದು ಹಳ್ಳಿಯಲ್ಲಿ ಶಾಲೆಗೆ ಎರಡು ಕೊಠಡಿ ಕಟ್ಟುತ್ತಿದ್ದರು. ಮೊದಲನೆಯದರ ಸ್ಲ್ಯಾಬ್, ಅಂದರೆ ಕಾಂಕ್ರೀಟಿನ ಚಾವಣಿ, ನಾವೇ ಹಾಕಿದ್ದೆವು. ಗಟ್ಟಿಯಾಗಲೆಂದು ಮೂರು ವಾರ ಅದರ ಮೇಲೆ ನೀರು ಕಟ್ಟಿ ನಿಲ್ಲಿಸಿ, ಆಮೇಲೆ ಕೆಳಗಿನ ಹಲಗೆ ಬಿಚ್ಚಿದರೆ, ಅಡ್ಡಕ್ಕೆ ಒಂದೇ ಗೆರೆಯುದ್ದಕ್ಕೂ ನೀರು ಜಿನುಗುತ್ತಿತ್ತು. ಮಾರನೇ ದಿನವೇ ಎರಡನೇ ಕೊಠಡಿಯ ಸ್ಲ್ಯಾಬ್ ಇತ್ತು.

ಗಾರೆ ಮೇಸ್ತ್ರಿ ಬಸಪ್ಪ ನಿಂತಲ್ಲೇ ತೀರ್ಪು ಕೊಟ್ಟ. "ಕಲಸೋಳು ನೀರು ಜಾಸ್ತಿ ಹುಯ್ದಾಳೆ. ಆ ಸಾಕವ್ವನ್ನ ನಾಳೆ ಕರೀಬ್ಯಾಡ್ರಿ."

ಸಾಕವ್ವ ಗುಂಪಿಗೆ ಬಂದು ಎರಡು ತಿಂಗಳಾಗಿತ್ತು. ಅವಳ ದುಡಿಮೆಯಿಂದಲೇ ಮನೆ ನಡೆಯುತ್ತಿತ್ತು. ಒಬ್ಬ ಮೇಸ್ತ್ರಿ ಬೇಡವೆಂದವಳನ್ನು ಇನ್ನೊಬ್ಬ ಕರೆಯುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಕೂತು ಮಾತಾಡುವ ರೂಢಿ ನಮ್ಮಲ್ಲಿತ್ತು. ಮಾತೆಂದರೆ ಬೈದಾಟ. ದೊಡ್ಡ ಬಾಯಿಯವಳು ಗೆಲ್ಲುತ್ತಿದ್ದಳು, ಸಣ್ಣ ಬಾಯಿಯವಳು ಮರುದಿನ ಬರುತ್ತಿರಲಿಲ್ಲ. ಅವತ್ತು ಆ ಸೋರುವ ಕೊಠಡಿಯಲ್ಲೇ ಕೂತೆವು, ಬಸಪ್ಪನೂ ಇದ್ದ. ಅವತ್ತೂ ಹಾಗೇ ಶುರುವಾಯಿತು. ಏಣಿಯ ಮೇಲೆ ನಿಲ್ಲುವ ಹಾಲಮ್ಮ, "ಅಂಬಲಿ ಕಲಸಿದಂಗೆ ಕಲಸ್ತಾಳೆ" ಎಂದು ನಕ್ಕಳು.

ಸಾಕವ್ವ ಅಳಲಿಲ್ಲ. "ನೀರು ಜಾಸ್ತಿ ಆಗಿದ್ರೆ ಎಲ್ಲಾ ಕಡೆ ಸೋರ್ಬೇಕಲ್ಲ? ಒಂದೇ ಗೆರೇಲಿ ಯಾಕೆ ಸೋರ್ತೈತೆ?"

ನಾನು ಕಾಂಕ್ರೀಟ್ ಹೊರುವ ಬಾಂಡ್ಲಿಯೊಂದನ್ನು ಖಾಲಿ ತರಿಸಿ, ಸ್ಲ್ಯಾಬ್ ಹಾಕಿದ ದಿನ ನಿಂತಿದ್ದ ಕ್ರಮದಲ್ಲೇ ಇಲ್ಲಿ ಸಾಲಾಗಿ ನಿಲ್ಲಿ ಎಂದೆ.

"ಬಾಂಡ್ಲಿ ಕೈಗೆ ಬಂದೋಳು ಅವತ್ತು ತಾನೇನು ಮಾಡಿದೆ ಅಷ್ಟು ಹೇಳ್ಬೇಕು. ಇನ್ನೊಬ್ಬರ ಹೆಸರು ಎತ್ತಿದ್ರೆ ನಾಲಿಗೆ ಸೀಳ್ತೀನಿ."

ಸಾಕವ್ವ ಎಷ್ಟು ಡಬ್ಬಿ ನೀರು ಹಾಕಿದ್ದೆನೆಂದು ಹೇಳಿದಳು. ಅದು ಬಸಪ್ಪ ಹೇಳಿಕೊಟ್ಟಷ್ಟೇ ಇತ್ತು. ಒಬ್ಬಳು ಕಾಲು ಜಾರಿ ಎರಡು ಬಾಂಡ್ಲಿ ಚೆಲ್ಲಿದ್ದನ್ನು ತಾನಾಗಿಯೇ ಒಪ್ಪಿಕೊಂಡಳು. ಬಾಂಡ್ಲಿ ಏಣಿಯವಳ ಕೈಗೆ ಬಂತು.

"ಕಾಂಕ್ರೀಟ್ ಮೂರನೇ ಕಿಟಕಿ ನೇರಕ್ಕೆ ಮುಟ್ಟಿತ್ತು. ಆಗ ಊಟಕ್ಕೆ ಇಳಿದೆ" ಎಂದಳು ಹಾಲಮ್ಮ.

ತಲೆಯೆತ್ತಿ ನೋಡಿದೆವು. ಸೋರುವ ಗೆರೆ ಮೂರನೇ ಕಿಟಕಿಯ ನೇರಕ್ಕೇ ಇತ್ತು.

"ಯಾರು ನಿನ್ನ ಇಳಿ ಅಂದೋರು?" ಎಂದೆ.

"ಹೆಸರು ಎತ್ತಬ್ಯಾಡ ಅಂದೀಯಲ್ಲ ಗಂಗಕ್ಕ. ನನ್ ನಾಲಿಗೆ ನಂಗೆ ಬೇಕು."

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಸಾರು ಆರುತ್ತದೆ, ಎಲ್ಲರೂ ಒಟ್ಟಿಗೆ ಬನ್ನಿ ಎಂದು ಕೂಗಿದ್ದವಳು ನಾನೇ. ಉಂಡು, ಎಲೆಅಡಿಕೆ ಹಾಕಿಕೊಂಡು ಏಳುವಷ್ಟರಲ್ಲಿ ಬಿಸಿಲಲ್ಲಿ ಎರಡು ತಾಸು ಕಳೆದಿತ್ತು. ಅಷ್ಟರಲ್ಲಿ ಹಾಕಿದ ಕಾಂಕ್ರೀಟ್ ಬಿಗಿಯತೊಡಗುತ್ತದೆ. ಅದರ ಪಕ್ಕಕ್ಕೆ ಹೊಸದು ಹಾಕಿದರೆ ಎರಡೂ ಬೆಸೆಯುವುದಿಲ್ಲ. ಆ ಸಂದಿನಲ್ಲಿ ನೀರು ಇಳಿಯುತ್ತದೆ.

"ತಪ್ಪು ನಂದು" ಎಂದೆ.

ಬಸಪ್ಪ ಗಂಟಲು ಸರಿಮಾಡಿಕೊಂಡ. "ಮುದ್ದೆ ನಾನೂ ಉಂಡೀನಿ ಬಿಡ್ರಿ. ಮಧ್ಯ ನಿಲ್ಲಿಸ್ಬಾರ್ದು ಅಂತ ಗೊತ್ತಿದ್ದೋನು ನಾನು." ಆ ಸಂದಿಗೆ ತೆಳ್ಳಗೆ ಕಲಸಿದ ಸಿಮೆಂಟ್ ಹಾಲು ಹುಯ್ದು ಮುಚ್ಚುವುದು ತನ್ನ ಹೊಣೆ ಎಂದ. ಸಾಕವ್ವನಿಗೆ, "ನಾಳೆ ಜಲ್ದಿ ಬಾರವ್ವ" ಎಂದ.

"ಬರ್ತೀನ್ರಿ, ಅಂಬಲಿ ಕಲಸಾಕೆ" ಎಂದಳು ಅವಳು, ಹಾಲಮ್ಮನ ಕಡೆ ನೋಡುತ್ತ.

ಮುಗಿದ ಕೆಲಸದ ತಪ್ಪು ಹುಡುಕುವಾಗ ಮುಖ್ಯಸ್ಥೆಯೂ ಸಾಲಿನಲ್ಲಿ ನಿಲ್ಲಬೇಕು. ಅವತ್ತು ನಾನು ಹೊರಗೆ ನಿಂತು ಪ್ರಶ್ನೆ ಕೇಳುತ್ತಿದ್ದೆ. ಆಮೇಲೆ ಪ್ರತಿ ಸ್ಲ್ಯಾಬ್ ಆದಾಗಲೂ ಖಾಲಿ ಬಾಂಡ್ಲಿ ಮೊದಲು ನನ್ನ ಕೈಗೇ ಬರುತ್ತಿತ್ತು.

ಮಾರನೇ ದಿನ ಬೆಳಿಗ್ಗೆ, ಕಲಸಲು ಶುರು ಮಾಡುವ ಮೊದಲೇ, ಒಂದು ಪಾಲು ಉಣ್ಣುವಾಗ ಇನ್ನೊಂದು ಹೊರುತ್ತಿರಲೆಂದು ಗುಂಪನ್ನು ಎರಡು ಪಾಲು ಮಾಡಿದೆ. ನನ್ನ ಬುತ್ತಿ ಗಂಟನ್ನು ಸಾಕವ್ವನ ಕೈಗೆ ಕೊಟ್ಟು, "ಕೊನೇ ಬಾಂಡ್ಲಿ ಮೇಲೆ ಹೋಗೋತನಕ ಇದನ್ನ ನಂಗೆ ಕೊಡಬ್ಯಾಡ" ಎಂದೆ.