ಕಂಬಳಿಯ ಮೇಲೆ ಬಿದ್ದೇಳಲು ಕಲಿಸಿದ ಕೊಟ್ರಮ್ಮ ಮೇಡಂ

ಹೊಸದುರ್ಗದ ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ, ಈ ಅಭಿನಂದನಾ ಸಂಪುಟದ ಸಂಪಾದಕರಾದ ನಿರಂಜನ್ ಮೇಷ್ಟ್ರು ಬಂದು, ದೈಹಿಕ ಶಿಕ್ಷಣ ವಿಭಾಗದ ಕೊಟ್ರಮ್ಮನವರು ನಿವೃತ್ತರಾಗುತ್ತಿದ್ದಾರೆ, ಅವರ ಬಗ್ಗೆ ಎರಡು ಪುಟ ಸಿಹಿ ನೆನಪು ಬರೆದುಕೊಡಿ ಎಂದರು. ಬರೆಯುತ್ತೇನೆ, ಆದರೆ ಬರೀ ಸಿಹಿ ಬರೆಯಲಾರೆ ಎಂದೆ. ಅಡುಗೆಯವಳಾದ ನಾನು ತಲೆ ನರೆತ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರವಿದು. ಸುಳ್ಳಿಗೆ ಖರ್ಚು ಮಾಡಲು ಮನಸ್ಸಿಲ್ಲ.

ಕೊಟ್ರಮ್ಮನವರು ಜಿಲ್ಲೆಯಲ್ಲಿ ಖೋಖೋ ತಂಡಗಳನ್ನು ಗೆಲ್ಲಿಸಿದ ತರಬೇತುದಾರರೆಂದೇ ಹೆಸರಾದವರು. ಗೆದ್ದ ಕಪ್ಪುಗಳೆಲ್ಲ ಪ್ರಾಂಶುಪಾಲರ ಗಾಜಿನ ಬೀರುವಿನಲ್ಲಿವೆ. ಅವರ ನಿಜವಾದ ಕೆಲಸಕ್ಕೆ ಮಾತ್ರ ಯಾರೂ ಕಪ್ಪು ಕೊಡಲಿಲ್ಲ. ಮಾಡದಕೆರೆ ಕಡೆಯ ಬಸ್ಸಿಳಿದು ಬರುವ ಹುಡುಗಿಯರನ್ನು ಗೇಟಿನ ಹತ್ತಿರವೂ ಲೈಬ್ರರಿ ಮೆಟ್ಟಿಲ ಮೇಲೂ ಕಾಡುವವರ ಬಗ್ಗೆ ದೂರು ಹೋದಾಗಲೆಲ್ಲ, ವೇಲ್ ಸರಿಯಾಗಿ ಹೊದ್ದು ಬನ್ನಿರೆಂದು ಹುಡುಗಿಯರಿಗೇ ಸುತ್ತೋಲೆ ಬರುತ್ತಿತ್ತು. ಅದನ್ನು ನೋಡಿ ನೋಡಿ ಸಾಕಾಗಿ ಮೇಡಂ ಆತ್ಮರಕ್ಷಣೆಯ ತರಗತಿ ಶುರು ಮಾಡಿದರು. ಮ್ಯಾಟಿಗೆ ದುಡ್ಡಿಲ್ಲವೆಂದಿತು ಕಾಲೇಜು. ನಾನು ಮನೆಯ ಕರಿ ಕಂಬಳಿಗಳನ್ನು ತಂದು ಹಾಸಿದೆ. ಅವುಗಳ ಮೇಲೆ ಹುಡುಗಿಯರು ಪೆಟ್ಟಾಗದಂತೆ ಬೀಳುವುದನ್ನೂ ಬಿದ್ದ ಕೂಡಲೇ ಏಳುವುದನ್ನೂ ಕಲಿತರು. ಮೊದಲು ಗಂಟಲೆತ್ತಿ ಕೂಗಿ, ನಾಚಬೇಕಾದವನು ಅವನು ಎನ್ನುತ್ತಿದ್ದರು ಮೇಡಂ. ಕೈ ಹಿಡಿದರೆ ಅವನ ಹೆಬ್ಬೆರಳಿನ ಕಡೆಗೆ ತಿರುಚಿ ಎಳೆದುಕೊಳ್ಳಿ, ಹಿಡಿತ ಅಲ್ಲೇ ಸಡಿಲ. ಬಿಡಿಸಿಕೊಂಡ ಮೇಲೆ ಜಗಳಕ್ಕೆ ನಿಲ್ಲದೆ ಜನವಿರುವ ಕಡೆ ಓಡಿ. ಅವತ್ತೇ ಯಾರಿಗಾದರೂ ಹೇಳಿ.

ಕಂಬಳಿ ತುಳಿಯುತ್ತಾರೆಂದು ಸಿಟ್ಟಾಗಿ ಬಂದವನು ನನ್ನ ಅಣ್ಣ ಚಿತ್ರಲಿಂಗಪ್ಪ. ಕುರಿ ಕಾಯುವ ನಮ್ಮ ಮನೆಗಳಲ್ಲಿ ಹಾಸಿದ ಕಂಬಳಿಯೆಂದರೆ ದೇವರ ಗದ್ದುಗೆ. ಅದರ ಮೇಲೆ ಕುಳಿತು ಸುಳ್ಳಾಡುವಂತಿಲ್ಲ. ಮೇಡಂ ಅವನಿಗೆ ಮಜ್ಜಿಗೆ ಕೊಟ್ಟು, ತರಗತಿ ಮುಗಿಯುವವರೆಗೆ ನೋಡಿರೆಂದರು. ನೋಡಿ ಹೋದ. ಮರುವಾರ ಇಲ್ಲೇ ಓದುತ್ತಿದ್ದ ತನ್ನ ಮೊಮ್ಮಗಳು ನಾಗಶ್ರೀಯ ಕೈಯಲ್ಲಿ ಇನ್ನೊಂದು ಕಂಬಳಿ ಕಳಿಸಿದ.

ಅದೇ ನಾಗಶ್ರೀಯನ್ನು ಆಡಳಿತ ಮಂಡಳಿಯ ಸದಸ್ಯರೊಬ್ಬರ ಮಗ ಲೈಬ್ರರಿ ಮೆಟ್ಟಿಲಲ್ಲಿ ಕೈ ಹಿಡಿದು ಎಳೆದ. ಅವಳು ಕೂಗಿದಳು, ಕಲಿತಂತೆ ಕೈ ತಿರುಚಿದಳು. ಅವನು ಜಾರಿ ಬಿದ್ದು ಹಲ್ಲು ಮುರಿದುಕೊಂಡ. ವಿಚಾರಣೆಯಲ್ಲಿ, ತಾನು ಮುಟ್ಟೇ ಇಲ್ಲ ಎಂದ. ಅಣ್ಣ ಹೆಗಲ ಕಂಬಳಿಯನ್ನು ಪ್ರಾಂಶುಪಾಲರ ಮೇಜಿನ ಮುಂದೆ ಹಾಸಿದ.

“ಇದರ ಮ್ಯಾಲೆ ಕುಂತ್ಕಂಡು ಅದೇ ಮಾತು ಹೇಳಪ್ಪ. ನಾವು ಎದ್ದು ಹೋಗ್ತೀವಿ.”

ಹುಡುಗ ನಿಂತೇ ಇದ್ದ. ಇದು ಕಾಲೇಜೋ ಕುರಿಹಟ್ಟಿಯೋ ಎಂದು ಅವನ ಅಪ್ಪ ಗದರಿದರು.

“ಹಟ್ಟಿ ಆಗಿದ್ರೆ ಇಷ್ಟೊತ್ತಿಗೆ ನ್ಯಾಯ ಮುಗ್ದಿರೋದು ಬಿಡ್ರಿ” ಎಂದರು ಮೇಡಂ.

ಇಲ್ಲಿಯ ನ್ಯಾಯ ಕೇಳಿ. ಹುಡುಗನಿಗೆ ಏನೂ ಆಗಲಿಲ್ಲ. ಹುಡುಗಿಯರ ಹಾಸ್ಟೆಲಿಗೆ ದಿನಾ ಸಂಜೆಯೇ ಬೀಗ ಬೀಳತೊಡಗಿತು. ತರಗತಿ ಬಂದ್. ಹೊಡೆದಾಟ ಕಲಿಸಿದರೆಂದು ಮೇಡಂಗೆ ಮೆಮೊ. ಅದು ಸೇವಾ ಪುಸ್ತಕ ಸೇರಿ ಅವರ ಬಡ್ತಿಯನ್ನೇ ತಿಂದಿತು. ನಾಗಶ್ರೀಯ ಓದು ಬಿಡಿಸಲು ಅವಳ ಅಪ್ಪ ಹೊರಟಾಗ ಮೇಡಂ ಊರಿಗೇ ಹೋಗಿ, ತಪ್ಪು ಮಾಡಿದವನು ಕ್ಲಾಸಿನಲ್ಲಿ ಕೂತಿರುವಾಗ ಇವಳೇಕೆ ಮನೆಯಲ್ಲಿ ಕೂರಬೇಕೆಂದು ಕೇಳಿ ಕರೆತಂದರು. ತರಗತಿಯನ್ನು ಹಾಸ್ಟೆಲಿನ ನನ್ನ ಊಟದ ಕೋಣೆಗೆ ತಂದರು. ಬೆಂಚು ಸರಿಸಿ, ಕಂಬಳಿ ಹಾಸಿ, ಇಂದಿನವರೆಗೂ ನಡೆಸಿದರು. ನಾಗಶ್ರೀ ಈಗ ಜವನಗೊಂಡನಹಳ್ಳಿಯಲ್ಲಿ ಟೀಚರು. ತನ್ನ ಶಾಲೆಯ ಹುಡುಗಿಯರಿಗೆ ಮೊದಲು ಕೂಗುವುದನ್ನು ಕಲಿಸುತ್ತಾಳೆ.

ಈಗ ಶಾಲು, ಹಾರ, ಹಣ್ಣಿನ ಬುಟ್ಟಿ! ಮೆಮೊ ಹಿಂತೆಗೆದುಕೊಳ್ಳುವ ಕಾಗದ ಇಲಾಖೆಗೆ ಹೋಗಲು ಸಿದ್ಧವಾಗಿ ಎಷ್ಟೋ ಕಾಲವಾಯಿತು. ಆ ಸದಸ್ಯರಿಗೆ ಬೇಜಾರಾದೀತೆಂದು ಈಗಿನ ಪ್ರಾಂಶುಪಾಲರು ಸಹಿ ಹಾಕದೆ ಇಟ್ಟುಕೊಂಡಿದ್ದರು. ಸನ್ಮಾನ ಮುಗಿಯಲಿ ಎಂದರಂತೆ. ಕಾಯುವುದು ನನಗೆ ಹೊಸದಲ್ಲ, ಆದರೆ ಇದಕ್ಕೆ ಕಾಯಲಾರೆನೆನಿಸಿತು.

“ಶಾಲು ಹೊದ್ಸಿ ಮೆಮೊ ಮುಚ್ಬ್ಯಾಡ್ರಿ ಮೇಷ್ಟ್ರೇ” ಎಂದೆ. “ಆ ಕಾಗದ ಅಂಚೆಗೆ ಬೀಳೋಗಂಟ ನನ್ನ ಬರಹ ಕೊಡಾಕಿಲ್ಲ.”

ಅಡುಗೆಯವಳ ಎರಡು ಪುಟ ನಿಂತರೆ ಯಾರಿಗೇನು? ಆದರೆ ನಾಗಶ್ರೀಯೂ ತನ್ನ ಲೇಖನ ತಡೆದಳು, ಅವಳ ಹಿಂದೆ ಮಿಕ್ಕ ಹಳೆಯ ವಿದ್ಯಾರ್ಥಿನಿಯರೂ ತಡೆದರು. ಸಂಪುಟಕ್ಕೆ ಸದಸ್ಯರ ಫೋಟೊ ಮಾತ್ರ ಉಳಿಯಿತು.

ಮೇಡಂ, ನಿಮ್ಮ ಮಂಡಿ ಗಟ್ಟಿಯಿರಲಿ, ಗಂಟಲು ಅದಕ್ಕಿಂತ ಗಟ್ಟಿಯಿರಲಿ. ನನ್ನ ಕೈಲಾಗುವಷ್ಟು ವರ್ಷ ನಿಮಗಾಗಿ ಬೆಂಚು ಸರಿಸಿಡುತ್ತೇನೆ, ಬಂದು ಕಲಿಸುತ್ತಿರಿ.

ಈ ಕೊನೆಯ ಸಾಲುಗಳನ್ನು ಅಂಚೆ ಕಚೇರಿಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಪುಟಗಳಿಗಾಗಿ ನಿರಂಜನ್ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದಾರೆ. ಪ್ರಾಂಶುಪಾಲರು ಇವತ್ತು ಸಹಿ ಹಾಕಿದ ಆ ಕಾಗದದ ಲಕೋಟೆಗೆ ಅಂಚೆ ಗುಮಾಸ್ತರು ಈಗ ತಾನೇ ಮೊಹರು ಒತ್ತಿ, ಚೀಲಕ್ಕೆ ಹಾಕಿದರು.