ಅಫೀಮಿನ ಮಕ್ಕಳ ದಾದಿಯಮ್ಮ

ದಾದಿಯಮ್ಮನವರ ಬೆರಳ ತುದಿಗಳಲ್ಲಿ ಚರ್ಮ ಸದಾ ಸುಲಿದು, ಬೆಳ್ಳಗೆ ಮುದುರಿಕೊಂಡಿರುತ್ತಿತ್ತು. ಆಸ್ಪತ್ರೆಯ ಕಾರ್ಬಾಲಿಕ್ ನೀರಿನಲ್ಲಿ ದಿನವೆಲ್ಲ ಕೈ ತೊಳೆದು ತೊಳೆದು ಹಾಗಾಗಿತ್ತು. ಓಣಿಯ ತಿರುವಿನಲ್ಲಿ ಅವರು ಕಾಣಿಸುವ ಮೊದಲೇ ಆ ನೀರಿನ ವಾಸನೆ ನಮ್ಮ ಜಗಲಿ ಮುಟ್ಟುತ್ತಿತ್ತು. ಉಣ್ಣುವಾಗ ಬೆರಳು ಉರಿಯುತ್ತದೆಂದು ಸಾರಿಗೆ ಖಾರವನ್ನೇ ಹಾಕುತ್ತಿರಲಿಲ್ಲ.

ಮಹಾರಾಜರ ಆಳ್ವಿಕೆಯ ಕಾಲ. ನಾನು ಚನ್ನಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅವರು ಮಾಗಡಿ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಸರ್ಕಾರದ ಖರ್ಚಿನಲ್ಲಿ ಬೆಂಗಳೂರಿಗೆ ಹೋಗಿ ಹೆರಿಗೆ ಕೆಲಸ ಕಲಿತು ಬಂದಿದ್ದರು. ನನ್ನನ್ನು ಮೇಷ್ಟ್ರಮ್ಮ ಎಂದು ಕರೆಯುತ್ತಿದ್ದರು. ಕೂತು ಉಂಡದ್ದನ್ನು ನಾನು ಕಂಡೇ ಇಲ್ಲ. ತಟ್ಟೆ ಹಿಡಿದು ಹಿತ್ತಲಲ್ಲಿ ಓಡಾಡುತ್ತಲೇ ಊಟ ಮುಗಿಸುತ್ತಿದ್ದರು. "ಕೂತ್ರೆ ಯಾರಾದ್ರೂ ಬಂದು ಕರೀತಾರೆ. ನಿಂತೇ ಇದ್ರೆ ಒಸಿ ತಪ್ಪುತ್ತೆ" ಎಂದು ನಗುತ್ತಿದ್ದರು.

ಆಗ ಅಫೀಮು ಕದ್ದು ತರುವ ವಸ್ತುವಲ್ಲ. ಸರ್ಕಾರದ ಹರಾಜಿನಲ್ಲಿ ಗುತ್ತಿಗೆ ಹಿಡಿದವನ ಅಂಗಡಿ ಪೇಟೆಬೀದಿಯಲ್ಲೇ ಇತ್ತು. ಕೀಲುನೋವಿನ ಮುದುಕರು, ಗಾಡಿ ಹೊಡೆಯುವವರು ಹಾಡುಹಗಲೇ ಕೊಳ್ಳುತ್ತಿದ್ದರು. ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಅದು ಇನ್ನೊಂದಕ್ಕೂ ಬೇಕಾಗುತ್ತಿತ್ತು. ಅಲ್ಲಿ ಹೆಂಗಸರು ಬೆಳಗಿನಿಂದ ಕುದಿಯುವ ನೀರಿನ ಮುಂದೆ ಕೂತು, ಅದರಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ರಾಟೆಗೆ ಕೊಡಬೇಕು. ಮಗು ಅತ್ತರೆ ಏಳುವಂತಿಲ್ಲ. ಬೆರಳ ತುದಿಗೆ ಚೂರು ಅಫೀಮು ಸವರಿ ಬಾಯಿಗಿಟ್ಟರೆ ಮಗು ಸಂಜೆಯವರೆಗೆ ಮಲಗಿರುತ್ತಿತ್ತು.

ಒಂದು ವರ್ಷ ಈ ಚಟ ಬಿಡಿಸಲೆಂದು ಸರ್ಕಾರ ಆಸ್ಪತ್ರೆಗೆ ಹಣ ಮಂಜೂರು ಮಾಡಿತು. ದೊಡ್ಡವರಿಗೆ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಸಿದರು. ತಮಟೆ ಹೊಡೆಸಿ ಸಾರಿದರು. ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿಹೇಳುವ ಕೆಲಸ ದಾದಿಯಮ್ಮನವರ ಪಾಲಿಗೆ ಬಂತು.

ಒಂದು ರಜೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಜೈನಾಬಿ ಎಂಬ ಹುಡುಗಿಯ ಮನೆ. ವಯಸ್ಸಿನಲ್ಲಿ ನನ್ನ ಶಾಲೆ ಬಿಟ್ಟು ಹೋದ ಹೆಣ್ಣುಮಕ್ಕಳಷ್ಟೇ ಇದ್ದಳು. ಒಲೆಯ ಹಬೆಯಲ್ಲಿ ಅವಳ ಮುಖ ಕೆಂಪಗೆ ಬೆಂದಂತಿತ್ತು. ಮೂಲೆಯ ಜೋಲಿಯಲ್ಲಿ ಮಗು ಮಲಗಿತ್ತು. ದಾದಿಯಮ್ಮ ಅದರ ರೆಪ್ಪೆ ಬಿಡಿಸಿ ನನಗೂ ತೋರಿಸಿದರು. ಕಣ್ಣಪಾಪೆ ಸೂಜಿಯ ಮೊನೆಯಷ್ಟಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ದಪ್ಪ.

"ಇನ್ಮೇಲೆ ಕೊಡಬೇಡ ಕಣವ್ವ. ಇದು ನಿದ್ದೆ ಅಲ್ಲ, ವಿಷ. ಹಸಿವೇ ತಿಳಿಯಾಕಿಲ್ಲ ಮಗೂಗೆ."

ಜೈನಾಬಿ ತಲೆ ಎತ್ತಲಿಲ್ಲ. "ಕೈ ತೆಗೆದ್ರೆ ಎಳೆ ಹರೀತದೆ ಅಮ್ಮಾ. ಎಳೆ ಹರಿದ್ರೆ ಸಾಹುಕಾರ ನಾಳೆ ಗೂಡು ಕೊಡಲ್ಲ. ಇದು ಅತ್ರೆ ಯಾರು ಎತ್ಕೋತಾರೆ? ನೀವು ಎತ್ಕೋತೀರಾ?"

ಜಗಳಕ್ಕೆಂದು ಆಡಿದ ಮಾತಲ್ಲ ಅದು. ನಿಜಕ್ಕೂ ಕೇಳುತ್ತಿದ್ದಳು. ದಾದಿಯಮ್ಮ ಜೋಲಿಯಿಂದ ಮಗುವನ್ನು ಎತ್ತಿಕೊಂಡರು. "ಕೊಡು. ಎತ್ಕೋತೀನಿ."

ಡಾಕ್ಟರು ಹೇಳಿದಂತೆ ದಾದಿಯಮ್ಮ ಅಫೀಮನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಬಂದರು. ಮಗು ಅಳುವುದೆಂದರೆ ಏನೆಂದು ನಾನು ಆಗ ತಿಳಿದೆ. ಭೇದಿ, ನಡುಕ, ಕೀರಲು ದನಿ. ಹಾಲು ಕೊಟ್ಟರೆ ಕಕ್ಕುತ್ತಿತ್ತು. ಬೆಳಿಗ್ಗೆ ತಂದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡೇ ಆಸ್ಪತ್ರೆಯ ಕೆಲಸ ಮಾಡಿ, ಸಂಜೆ ತಾಯಿಗೆ ಒಪ್ಪಿಸಿ ಬರುತ್ತಿದ್ದರು. ಮನೆಗೆ ಬಂದಾಗ ಅವರ ಸೀರೆಯೆಲ್ಲ ವಾಂತಿ. "ಕರುಳು ಕಿತ್ತು ಬರೋ ಹಂಗೆ ಅಳ್ತೈತೆ ಮೇಷ್ಟ್ರಮ್ಮ. ಒಸಿ ಕೊಟ್ಬುಡಾಣ ಅಂತ ನಂಗೇ ಅನ್ನಿಸ್ಬುಡ್ತು ಇವತ್ತು" ಎಂದರು ಒಂದು ಸಂಜೆ.

ಕೊನೆಗೆ ಮಗು ಚೇತರಿಸಿಕೊಂಡಿತು. ನನ್ನ ಕಿವಿಯ ಓಲೆ ಹಿಡಿದು ಎಳೆಯುವಷ್ಟು ಬಲ ಬಂತು. ಅದನ್ನು ನೋಡಿ ಇನ್ನೂ ಕೆಲವು ಹೆಂಗಸರು ಮಕ್ಕಳನ್ನು ತಂದರು. ಆಸ್ಪತ್ರೆಯ ಹಿಂಜಗಲಿಯ ತೊಲೆಗಳಿಗೆ ಹಳೆಯ ಸೀರೆಗಳ ಜೋಲಿ ಕಟ್ಟಿದರು. ಮಂಜೂರಾದ ಹಣದಲ್ಲೇ ಡಾಕ್ಟರು ಹಾಲಿಗೂ, ಒಬ್ಬ ಆಯಾಳಿಗೂ ಏರ್ಪಾಡು ಮಾಡಿದರು. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಜೋಲಿ ತೂಗುತ್ತಿದ್ದೆ. ದಾದಿಯಮ್ಮ ಸಂತೋಷವಾಗಿದ್ದುದನ್ನು ನಾನು ಕಂಡದ್ದು ಆ ದಿನಗಳಲ್ಲೇ.

ಮಳೆಗಾಲ ಮುಗಿಯುತ್ತಿದ್ದಂತೆ ತನಿಖೆಗೆ ದೊಡ್ಡ ಅಧಿಕಾರಿ ಬಂದರು. ಕೆಟ್ಟವರಲ್ಲ, ಜೋಲಿಯಲ್ಲಿದ್ದ ಒಂದು ಮಗುವಿನ ಕೆನ್ನೆಯನ್ನೂ ಸವರಿದರು. ಆದರೆ ಡಾಕ್ಟರಿಗೆ ಹೇಳಿದರು: "ಹಣ ಕೊಟ್ಟಿರುವುದು ಔಷಧಿಗೆ, ತಿಳಿವಳಿಕೆಗೆ. ಮಕ್ಕಳನ್ನು ಆಡಿಸುವುದಕ್ಕಲ್ಲ. ಇದು ಆಸ್ಪತ್ರೆ." ಡಾಕ್ಟರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ದಾದಿಯಮ್ಮ ಒಂದೆರಡು ಹೆಜ್ಜೆ ಮುಂದೆ ಬಂದು, "ಬುದ್ಧೀ, ಎತ್ಕೊಳ್ಳೋರು ಇಲ್ದೆ ಹೋದ್ರೆ ಅವ್ರು ಕೊಟ್ಟೇ ಕೊಡ್ತಾರೆ" ಎಂದರು. "ನೀನು ಚೆನ್ನಾಗಿ ತಿಳಿಸಿ ಹೇಳಮ್ಮ" ಎಂದು ಅವರು ಗಾಡಿ ಹತ್ತಿದರು. ಆ ವಾರವೇ ಜೋಲಿಗಳನ್ನು ಬಿಚ್ಚಿದರು.

ಜೈನಾಬಿ ಕೂಡಲೇ ಅಫೀಮಿಗೆ ಮರಳಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನೂಲು ಬಿಚ್ಚತೊಡಗಿದಳು. ಆದರೆ ಅದೀಗ ಎಚ್ಚರವಿರುವ ಮಗು, ಕಂಡದ್ದಕ್ಕೆಲ್ಲ ಕೈ ಚಾಚುವ ಮಗು. ಒಂದು ದಿನ ಭುಜದ ಮೇಲಿಂದ ಬಾಗಿ ಕುದಿಯುವ ನೀರಿಗೆ ಕೈ ಇಟ್ಟಿತು. ಅಂಗೈ ಬೊಬ್ಬೆ ಎದ್ದಿತು. ದಾದಿಯಮ್ಮ ದಿನವೂ ಹೋಗಿ ಎಣ್ಣೆಪಟ್ಟಿ ಕಟ್ಟಿ ಬಂದರು. ಗಾಯದ ನೋವಿಗೆ ಮಗು ಬಿಡದೆ ಅಳುತ್ತಿತ್ತು. ಕೊನೆಗೊಂದು ದಿನ ತಾಯಿ ಮತ್ತೆ ಬೆರಳಿಗೆ ಅಫೀಮು ಸವರಿದಳು. ಮೊದಲು ಎಷ್ಟು ಕೊಡುತ್ತಿದ್ದಳೋ ಅಷ್ಟೇ. ಚಟ ಬಿಟ್ಟ ಮೈಗೆ ಅದು ಹೆಚ್ಚಾಗುತ್ತದೆಂದು ಪಾಪ ಅವಳಿಗೆ ಹೇಗೆ ತಿಳಿಯಬೇಕು?

ಅಂದು ಮಧ್ಯಾಹ್ನ ಯಾರೋ ಓಡಿಬಂದು ಕರೆದರು. ನಾನು ಶಾಲೆಯಿಂದ ಹೋಗುವಷ್ಟರಲ್ಲಿ ದಾದಿಯಮ್ಮ ಮಗುವಿನ ಅಂಗಾಲು ತಟ್ಟುತ್ತಿದ್ದರು. ಮುಖಕ್ಕೆ ತಣ್ಣೀರು ಚಿಮುಕಿಸುತ್ತಿದ್ದರು, ಬಾಯಿಗೆ ಬಾಯಿಟ್ಟು ಊದುತ್ತಿದ್ದರು. ಡಾಕ್ಟರು ಬಂದು ಹೊಟ್ಟೆ ತೊಳೆದರು. ತುಟಿ ನೀಲಿಯಾಗಿತ್ತು. "ಅಳು ನನ್ನಪ್ಪ, ಒಂದ್ಸಲ ಅಳು" ಎನ್ನುತ್ತಲೇ ಇದ್ದರು ದಾದಿಯಮ್ಮ. ಡಾಕ್ಟರು ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು.

ಜೈನಾಬಿ ಅಳಲಿಲ್ಲ. "ನಾನು ಏನು ಮಾಡಬೇಕಿತ್ತಮ್ಮಾ? ನೀವೇ ಹೇಳಿ" ಎಂದಳು.

ಅವಳ ಹಿಂದೆ ಒಲೆಯ ಮೇಲೆ ನೀರು ಇನ್ನೂ ಕುದಿಯುತ್ತಿತ್ತು.

ದಾದಿಯಮ್ಮ ಆಮೇಲೂ ಮನೆಮನೆಗೆ ಹೋದರು. ಕೊಡಬೇಡಿ ಎಂದು ಹೇಳಿ ಬಂದರು. ಹೆಂಗಸರು ಮರ್ಯಾದೆಯಿಂದ ಮಣೆ ಹಾಕಿ, ತಲೆಯಾಡಿಸಿ ಕಳಿಸುತ್ತಿದ್ದರು. "ಅವ್ರು ನನ್ನ ಬೈದಿದ್ರೇ ಚೆನ್ನಾಗಿತ್ತು ಮೇಷ್ಟ್ರಮ್ಮ. ಬರೀ ಮಾತು ಹೊತ್ಕೊಂಡು ಬತ್ತೀನಿ ಅಂತ ಅವ್ರಿಗೂ ಗೊತ್ತು" ಎಂದರು. ಮರುವರ್ಷ ಆ ಹಣವೂ ನಿಂತಿತು. ಅವರನ್ನು ಕಾನಕಾನಹಳ್ಳಿಗೆ ವರ್ಗ ಮಾಡಿದರು. ಸಾತನೂರಿನವರೆಗೂ ಹೆರಿಗೆಗೆ ಗಾಡಿಯಲ್ಲಿ ಹೋಗುತ್ತಿದ್ದರಂತೆ. ಮನೆಮನೆಗೂ ಜ್ವರ ನುಗ್ಗಿದ ಆ ಇನ್‌ಫ್ಲುಯೆಂಜಾ ವರ್ಷದಲ್ಲಿ, ಬಾಣಂತಿಯರ ಶುಶ್ರೂಷೆ ಮಾಡುತ್ತಲೇ ಅವರಿಗೂ ಜ್ವರ ಅಂಟಿತು. ಸುದ್ದಿ ನನಗೆ ತಲುಪುವಾಗ ಮಣ್ಣಾಗಿ ಬಹಳ ದಿನವಾಗಿತ್ತು.

ನಮ್ಮ ಶಾಲೆಗೆ ನೂಲಿನ ಮನೆಗಳ ಹುಡುಗಿಯರು ಬರುತ್ತಿದ್ದುದೇ ಕಡಿಮೆ. ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಿದ್ದರು. ದಾದಿಯಮ್ಮ ಹೋದ ಮೇಲೆ ನಾನು ಆ ಮನೆಗಳಿಗೆ ಹೋಗಿ, ಕೂಸನ್ನೂ ಎತ್ತಿಕೊಂಡು ಬನ್ನಿ ಎಂದೆ. ಕೆಲವರು ಬಂದರು. ತರಗತಿಯ ಹಿಂದೆ ಚಾಪೆ ಹಾಸಿದೆ. ಮಗ್ಗಿ ಹೇಳಿಸುವಾಗ ನನ್ನ ಸೊಂಟದ ಮೇಲೆ ಯಾರದಾದರೂ ಒಂದು ಮಗು ಇರುತ್ತಿತ್ತು. ಇನ್‌ಸ್ಪೆಕ್ಟರು ಬಂದಾಗಲೆಲ್ಲ ಬೈಸಿಕೊಂಡೆ, ಆದರೂ ಚಾಪೆ ಸುತ್ತಲಿಲ್ಲ. ಅದು ಅವರಿಂದ ನಾನು ಕಲಿತದ್ದು. ಆದರೆ ಬಾರದೆ ಉಳಿದ ಮನೆಗಳೇ ಹೆಚ್ಚು. ಶಾಲೆಗೆ ಹೋಗುವ ದಾರಿಯಲ್ಲಿ ಆ ಬಾಗಿಲುಗಳ ಮುಂದೆ ನಡೆಯುವಾಗ ರಾಟೆಯ ಸದ್ದು ಮಾತ್ರ ಕೇಳುತ್ತಿತ್ತು. ಒಳಗೆ ಮಗುವಿದೆಯೆಂದು ನನಗೆ ಗೊತ್ತಿರುತ್ತಿತ್ತು. ಒಂದು ಗಳಿಗೆ ನಿಂತು, ಅಳು ಕೇಳೀತೇ ಎಂದು ಕಿವಿಗೊಟ್ಟು, ಗಂಟೆ ಹೊಡೆಯುವ ಹೊತ್ತಾಯಿತೆಂದು ಮುಂದೆ ಹೋಗುತ್ತಿದ್ದೆ.