ಕೊಂಡಪಲ್ಲಿ ಗುಂಡಿಯ ಅಂಗಿ

ಬೆಳಗಿನ ಐದೂಕಾಲು. ವಿಶಾಖಪಟ್ಟಣದ ಗುಡ್ಡದಂಚಿನ ಮರದ ಗುಡಿಸಲ ಮುಂದೆ ಭೀಮಸೇನ ನಿಂತಿದ್ದಾರೆ. ಕೈಗಡಿಯಾರ, ಬೀಗದಕೈ, ಬೆಲ್ಟು, ಮೊಬೈಲು ಒಂದೊಂದಾಗಿ ಕಲ್ಲುಕಟ್ಟೆ ಸೇರುತ್ತವೆ. ಚಪ್ಪಲಿಯೂ ಅಲ್ಲೇ. ಗೂಟದಲ್ಲಿದ್ದ ಬಿಳಿ ಅಂಗಿ ತೊಟ್ಟು, ಮೈಯೆಲ್ಲ ತಡವಿ ನೋಡಿಕೊಂಡು ಒಳಗೆ ಹೋಗುತ್ತಾರೆ. ಹೆಸರಿಗೆ ಭೀಮಸೇನ, ಹೆದರಿಕೆ ಮಾತ್ರ ಗುಂಡುಸೂಜಿಗೆ!

ಹೆದರದೆ ವಿಧಿಯಿಲ್ಲ. ಸೂರ್ಯ ಸಿಡಿದರೆ ಭೂಮಿಯ ಕಾಂತಬಲ ಏರುಪೇರಾಗುತ್ತದೆ, ವಿಮಾನಗಳ ರೇಡಿಯೊ, ವಿದ್ಯುತ್ ಜಾಲ ಎಲ್ಲಕ್ಕೂ ಪೆಟ್ಟು. ಆ ಏರುಪೇರನ್ನು ಅಳೆಯುವ ದುರ್ಬೀನು ಇರುವುದು ಈ ಗುಡಿಸಲಿನಲ್ಲಿ; ಹತ್ತಿರ ಚೂರು ಕಬ್ಬಿಣವಿದ್ದರೂ ಅಳತೆ ತಪ್ಪುವುದರಿಂದ ಇಲ್ಲಿ ಒಂದು ಕಬ್ಬಿಣದ ಮೊಳೆಯೂ ಇಲ್ಲ, ಎಲ್ಲ ಹಿತ್ತಾಳೆ. ದಿನಕ್ಕೆ ಹದಿನಾರು ಓದಿಕೆ, ಹದಿನೇಳು ವರ್ಷಗಳಿಂದ. "ದುರ್ಬೀನಿನ್ಯಾಗ ಕಣ್ಣಿಡೋದು, ಬರಿಯೋದು. ಇದರಾಗ ಏನು ದೊಡ್ಡಸ್ತಿಕೆ ಐತ್ರಿ?" ಎನ್ನುತ್ತಾರೆ ಸಿಂಧನೂರು ಕಡೆಯ ಈ ಮನುಷ್ಯ.

ಹನ್ನೆರಡು ವರ್ಷ ದಿನಗೂಲಿಯಾಗಿದ್ದವರ ಕಾಯಂ ಫೈಲು ಮೇಲಕ್ಕೆ ಹೋಗಿದ್ದು 2014ರಲ್ಲಿ. ಆಗಲೇ ಗ್ರಹಚಾರ ವಕ್ಕರಿಸಿತು. ಐದು ದಿನ ಓದಿಕೆ ವಿಚಿತ್ರವಾಗಿ ಬಂತು. ಸೂರ್ಯನೇ ಕೆರಳಿದ್ದಾನೋ, ಉಪಕರಣ ಕೆಟ್ಟಿದೆಯೋ ಎಂದು ಮೇಲಿನವರು ತಲೆಕೆಡಿಸಿಕೊಂಡರು. ಆರನೆಯ ಬೆಳಿಗ್ಗೆ ಭೀಮಸೇನರ ಎದೆಗೆ ಏನೋ ಚುಚ್ಚಿತು. ಅಂಗಿಯ ಗುಂಡಿ ಕಿತ್ತುಹೋಗಿದ್ದಕ್ಕೆ ಹೆಂಡತಿ ಒಗೆಯುವಾಗ ಒಳಗಿನಿಂದ ಪಿನ್ನು ಹಾಕಿದ್ದರು!

"ಸೂರ್ಯ ಸಿಡಿದಿಲ್ಲ, ನನ್ನ ಗುಂಡಿ ಹರಿದೈತಿ ಅಂತ ಆಗ ಗೊತ್ತಾತ್ರಿ."

ಕಂಡವರು ಯಾರೂ ಇರಲಿಲ್ಲ. ಹೆಂಡತಿ ಹೈಮಾವತಿ ವಿಜಯವಾಡದ ಪಟಮಟದ ಮಗಳು, ಮಾತಿನಲ್ಲಿ ಅರ್ಧ ತೆಲುಗು. "ಏಮಂಡಿ, ಪೊದೆಯಲ್ಲಿ ಬಿಸಾಕಿಬಿಡಿ, ಯಾರಿಗೆ ತಿಳಿಯುತ್ತೆ ಅಂತ ನಾನೇ ಅಂದೆ. ಕೇಳಬೇಕಲ್ಲ!" ಎಂದು ಇಂದಿಗೂ ಹುಸಿಮುನಿಸು ತೋರುತ್ತಾರೆ. ಭೀಮಸೇನ ಆ ಪಿನ್ನನ್ನು ಕಾಗದಕ್ಕೆ ಅಂಟಿಸಿ, ಕೆಳಗೆ ತಪ್ಪೊಪ್ಪಿಗೆ ಬರೆದು ಕೇಂದ್ರ ಕಚೇರಿಗೆ ಕಳಿಸಿದರು. ಐದು ದಿನದ ಓದಿಕೆಗೆ ಕಾಟು ಬಿತ್ತು. ಕಾಯಂ ಆಗುವುದು ಎರಡು ವರ್ಷ ಮುಂದಕ್ಕೆ ಹೋಯಿತು. "ಅಳುನೇ ಬಂತ್ರಿ. ಆದ್ರ ನಿದ್ದಿ ಬಂತು."

2017ರ ಸೆಪ್ಟೆಂಬರ್ 8, ಬೆಳಿಗ್ಗೆ. ಓದಿಕೆ ದಿಢೀರನೆ ಕುಸಿಯಿತು. ಭೀಮಸೇನರ ಕೈ ಮೊದಲು ಹೋದದ್ದು ಅಂಗಿಗೆ. ಅಂಗಿ ಬಿಚ್ಚಿ ಹೊರಗೆಸೆದರು, ಉಡಿದಾರವನ್ನೂ ಬಿಡಲಿಲ್ಲ. ಮೂರು ಸಲ ಓದಿದರೂ ಅದೇ ಅಂಕಿ. ಓಡಿಹೋಗಿ ಕೇಂದ್ರ ಕಚೇರಿಗೆ ಫೋನು ಮಾಡಿದರೆ ಅತ್ತ ಕಡೆ ಫಣೀಂದ್ರ ಎಂಬ ಹೊಸ ಅಧಿಕಾರಿಗೆ ನಗು: "ಈ ಸಲ ಯಾವ ಪಿನ್ನು, ಭೀಮಸೇನ ಗಾರೂ?"

ಬೇರೆ ಊರುಗಳ ಅಳತೆ ಕೇಂದ್ರಗಳ ಅಂಕಿ ಬರಲು ಇನ್ನೂ ಒಂದು ತಾಸು ಬೇಕಿತ್ತು. ವಿಮಾನ, ವಿದ್ಯುತ್ತಿನವರನ್ನು ಎಚ್ಚರಿಸಬೇಕೆಂದರೆ ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಹಿರಿಯ ವಿಜ್ಞಾನಿ ದಕ್ಷಿಣಾಮೂರ್ತಿ ಫೋನು ಕಸಿದುಕೊಂಡು ಕೇಳಿದ್ದು ಒಂದೇ ಮಾತು.

"ಅಂಗಿ ನೋಡಿದ್ರಾ?"

"ಬಿಚ್ಚೇ ಓದೀನ್ರಿ, ಸಾರ್."

ಅವರು ಅತ್ತ ತಿರುಗಿ ಹೇಳಿದ್ದು ಫೋನಿನಲ್ಲೇ ಕೇಳಿಸಿತು: "ಎಚ್ಚರಿಕೆ ಕಳಿಸಿ. ಪಿನ್ನು ಇದ್ದಿದ್ದರೆ ಆ ಮನುಷ್ಯನೇ ಹೇಳುತ್ತಿದ್ದ." ತಾಸಿನ ನಂತರ ಎಲ್ಲ ಕೇಂದ್ರಗಳಿಂದಲೂ ಅದೇ ಸುದ್ದಿ ಬಂತು.

ಈಗ ಆ ಅಂಗಿಗೆ ಮರದ ಗುಂಡಿಗಳಿವೆ. ತವರಿಗೆ ಹೋದಾಗಲೆಲ್ಲ ಹೈಮಾವತಿ ಅಲ್ಲೇ ಸಮೀಪದ ಕೊಂಡಪಲ್ಲಿಯ ಮರದ ಬೊಂಬೆ ಮಾಡುವವರ ಹತ್ತಿರ ಕೆತ್ತಿಸಿಕೊಂಡು ಬರುತ್ತಾರೆ. ಕೆಂಪು, ಹಳದಿ ಬಣ್ಣ ಬೇರೆ! ಕೇಂದ್ರ ಕಚೇರಿಯಲ್ಲಿ ಹಳೆಯ ಫೈಲುಗಳನ್ನು ವಿಲೇವಾರಿ ಮಾಡುತ್ತಿದ್ದಾರಂತೆ. ಭೀಮಸೇನರದು ಅಲ್ಲಿಗೊಂದೇ ಕೋರಿಕೆ.

"ಆ ಪಿನ್ನಿನ ಕಾಗದ ಮಾತ್ರ ಹಂಗೇ ಇರ್ಲಿ, ತೆಗೀಬ್ಯಾಡ್ರಿ. ನನ್ನ ಹತ್ರ ಅದಕ್ಕಿಂತ ಛಲೋ ಸರ್ಟಿಫಿಕೇಟ್ ಇನ್ನೊಂದಿಲ್ಲ."